ಕಲಿಮಾದೊಳಗಿನ ‘ಇಲ್ಲಾ’ ಮತ್ತು ಕನ್ನಡದ ‘ಇಲ್ಲ’

ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳು ಮದ್ರಸದಲ್ಲಿ ಕಲಿಮಾ ಬಾಯಿಪಾಠ ಮಾಡುವಾಗ ಕೆಲವರ ಮನಸ್ಸಿನಲ್ಲಿ ಒಂದು ಸಂದೇಹ ಏಳುತ್ತದೆ. ಅರಬಿಯ ಆ ವಾಕ್ಯದ ನಡುವೆ ಅವರಿಗೆ ಚೆನ್ನಾಗಿ ಗೊತ್ತಿರುವ ಕನ್ನಡ ಪದವೊಂದು ಕೇಳಿಸುತ್ತದೆ: ಇಲ್ಲ. ಅದರ ಬೆನ್ನಿಗೇ ಅಲ್ಲಾಹನ ಹೆಸರು. “ಹಾಗಾದರೆ ಅಲ್ಲಾಹ್ ಇಲ್ಲ ಅಂತಲಾ ಉಮ್ಮಾ?” ಎಂದು ಮಗು ಕೇಳಿಬಿಟ್ಟರೆ ಹಿರಿಯರು ಗಾಬರಿಯಾಗುತ್ತಾರೆ. ಹಾಗೆಲ್ಲ ಅನ್ನಬಾರದು, ತೌಬಾ ಮಾಡು ಎಂದು ಗದರಿಸಿ ಸುಮ್ಮನಾಗಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಗದರಿಕೆಗೆ ಇಲ್ಲಿ ಕಾರಣವೇ ಇಲ್ಲ. ಮಗು ಕೇಳಿದ್ದು ಭಾಷೆಯ ಪ್ರಶ್ನೆ, ಅದೂ ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಸಿಗದ ಮಗು ಎರಡನೆಯ ಬಾರಿ ಕೇಳುವುದಿಲ್ಲ. ಅರ್ಥವನ್ನು ಬಿಟ್ಟು ಧ್ವನಿಯನ್ನು ಮಾತ್ರ ಒಪ್ಪಿಸುವುದನ್ನು ಅದು ಅಂದೇ ಕಲಿತುಬಿಡುತ್ತದೆ.

ಉತ್ತರವೇನೂ ಕಠಿಣವಲ್ಲ. ಕಲಿಮಾದ ಮೊದಲ ಭಾಗದಲ್ಲಿ ಇರುವುದು ನಾಲ್ಕೇ ಪದಗಳು. ‘ಲಾ’ ಎಂದರೆ ಇಲ್ಲ. ‘ಇಲಾಹ್’ ಎಂದರೆ ಆರಾಧ್ಯ. ‘ಇಲ್ಲಾ’ ಎಂದರೆ ಹೊರತು. ನಾಲ್ಕನೆಯದು ಅಲ್ಲಾಹನ ನಾಮ. ‘ಇಲ್ಲಾ’ದ ಕೊನೆಯ ದೀರ್ಘವು ಮುಂದಿನ ಪದದೊಂದಿಗೆ ಸೇರುವಾಗ ಉಚ್ಚಾರಣೆಯಲ್ಲಿ ಅಡಗಿಹೋಗುತ್ತದೆ, ಆದ್ದರಿಂದಲೇ ಕನ್ನಡದ ಕಿವಿಗೆ ಅದು ನಮ್ಮ ಹ್ರಸ್ವ ‘ಇಲ್ಲ’ದಂತೆಯೇ ಕೇಳಿಸುತ್ತದೆ. ಇದನ್ನು ಕನ್ನಡಕ್ಕೆ ತಂದರೆ, ಅಲ್ಲಾಹನ ಹೊರತು ಆರಾಧ್ಯರಿಲ್ಲ ಎಂದಾಗುತ್ತದೆ. ಇಲ್ಲಿರುವ ಸೋಜಿಗವನ್ನು ಗಮನಿಸಬೇಕು. ಮೂಲದಲ್ಲೂ ಅನುವಾದದಲ್ಲೂ ‘ಇಲ್ಲ’ ಎಂಬ ಧ್ವನಿ ಇದೆ. ಆದರೆ ಎರಡರ ಕೆಲಸವೂ ಬೇರೆ. ಅರಬಿಯ ‘ಇಲ್ಲಾ’ ನಿರಾಕರಣೆಯ ನಡುವಿನಿಂದ ಒಬ್ಬನನ್ನು ಹೊರತುಪಡಿಸಿ ಎತ್ತಿ ಹಿಡಿಯುತ್ತದೆ. ಕನ್ನಡದ ‘ಇಲ್ಲ’ ಉಳಿದೆಲ್ಲವನ್ನೂ ಅಳಿಸಿಹಾಕುತ್ತದೆ. ಅರಬಿ ಮೊದಲು ಅಲ್ಲಗಳೆದು ಆಮೇಲೆ ಸ್ಥಾಪಿಸಿದರೆ, ಕನ್ನಡ ಮೊದಲು ಸ್ಥಾಪಿಸಿ ಕೊನೆಗೆ ಅಲ್ಲಗಳೆಯುತ್ತದೆ. ಕ್ರಿಯೆಯನ್ನು ಕೊನೆಯಲ್ಲಿಡುವುದು ನಮ್ಮ ಭಾಷೆಯ ಜಾಯಮಾನ, ಅಷ್ಟೆ.

ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಅರಬಿಯಲ್ಲಿ ‘ಇಲ್ಲಾ’ ಎಂಬುದಕ್ಕೆ ಇನ್ನೊಂದು ಉಪಯೋಗವಿದೆ. ಪವಿತ್ರ ಕುರ್‌ಆನಿನ ಅತ್ತೌಬ ಅಧ್ಯಾಯದ 40ನೆಯ ಸೂಕ್ತ ಆರಂಭವಾಗುವುದೇ ಈ ಪದದಿಂದ. ಅಲ್ಲಿ ಅದರ ಅರ್ಥ ‘ಹೊರತು’ ಅಲ್ಲ. ನೀವು ಪ್ರವಾದಿಯವರಿಗೆ(ಸ) ನೆರವಾಗದಿದ್ದರೆ ಎಂಬಲ್ಲಿಯ ‘ಇದ್ದರೆ–ಇಲ್ಲದಿದ್ದರೆ’ಯ ಅರ್ಥ. ‘ಇನ್’ ಎಂದರೆ ‘ಆದರೆ’ ಎಂಬ ಷರತ್ತು, ‘ಲಾ’ ಎಂದರೆ ‘ಇಲ್ಲ’; ಎರಡೂ ಕೂಡಿ ‘ಇಲ್ಲಾ’. ಇಂದಿಗೂ ಅರಬರು ‘ಇಲ್ಲವಾದರೆ’ ಎನ್ನಲು ‘ವ ಇಲ್ಲಾ’ ಎನ್ನುತ್ತಾರೆ. ನಾವು ಏನೆನ್ನುತ್ತೇವೆ? “ಬೇಗ ಬಾ, ಇಲ್ಲಾ ನಾನು ಹೊರಟೆ” ಎನ್ನುತ್ತೇವೆ. ಧ್ವನಿಯೂ ಅದೇ, ಅರ್ಥವೂ ಹೆಚ್ಚುಕಡಿಮೆ ಅದೇ!

ಇಂಥದ್ದೊಂದು ಕೈಗೆ ಸಿಕ್ಕರೆ ಸಾಕು, ಕನ್ನಡ ಅರಬಿಯಿಂದ ಹುಟ್ಟಿತೆಂದು ಒಬ್ಬರು, ಅರಬಿಯೇ ನಮ್ಮ ನೆಲದಿಂದ ಹೋಯಿತೆಂದು ಇನ್ನೊಬ್ಬರು ಮೊಬೈಲಿನಲ್ಲಿ ಸಂದೇಶ ಹರಿಬಿಡುತ್ತಾರೆ. ನಮ್ಮವರೂ ಅದನ್ನು ಸಂಭ್ರಮದಿಂದ ಮುಂದೆ ದಾಟಿಸುತ್ತಾರೆ. ಪದವನ್ನು ಒಡೆದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಒಡೆದು ನೋಡಿದರೆ ವಿಷಯ ಅಲ್ಲೇ ತೀರ್ಮಾನವಾಗುತ್ತದೆ. ಅರಬಿಯ ‘ಇಲ್ಲಾ’ದಲ್ಲಿ ನಿಷೇಧ ಇರುವುದು ಕೊನೆಯಲ್ಲಿ, ಆ ‘ಲಾ’ದಲ್ಲಿ. ಅರಬಿಯ ಸೋದರಭಾಷೆಯಾದ ಹೀಬ್ರೂವಿನ ‘ಲೋ’ ಇದರದೇ ಬಂಧು. ಕನ್ನಡದಲ್ಲಾದರೋ ನಿಷೇಧ ಇರುವುದು ಮೊದಲಿನ ‘ಇಲ್’ನಲ್ಲಿ. ತಮಿಳಿನ ‘ಇಲ್ಲೈ’, ಮಲಯಾಳಂನ ‘ಇಲ್ಲ’ ಇದರ ಒಡಹುಟ್ಟುಗಳು. ಎರಡು ಬೇರೆ ಬೇರೆ ದಾರಿಗಳಲ್ಲಿ ಬಂದ ಪದಗಳು ಒಂದು ಧ್ವನಿಯಲ್ಲಿ ಸಂಧಿಸಿವೆ. ಇದು ಆಕಸ್ಮಿಕ. ಬಾಯಿಂದ ಹೊರಡುವ ಸರಳ ಧ್ವನಿಗಳು ಕೆಲವೇ, ಭಾಷೆಗಳು ಸಾವಿರಾರು. ಪದ ಚಿಕ್ಕದಾದಷ್ಟೂ ಇಂತಹ ಆಕಸ್ಮಿಕ ಹೆಚ್ಚು.

ಬೇರೆಡೆಗೂ ಕಣ್ಣು ಹಾಯಿಸಬಹುದು. ಪ್ರಾಚೀನ ರೋಮಿನ ಲ್ಯಾಟಿನ್ ಭಾಷೆಯಲ್ಲಿ ‘ಇಲ್ಲಾ’ ಎಂದರೆ ‘ಅವಳು’, ‘ಆಕೆ’. ಸ್ವೀಡನ್ನಿನವರಿಗೆ ‘ಇಲ್ಲ’ ಎಂದರೆ ‘ಕೆಟ್ಟದಾಗಿ’. ನಮ್ಮ ನೆರೆಯ ತೆಲುಗಿನಲ್ಲಿ ‘ಇಲ್ಲು’ ಎಂದರೆ ಮನೆ. ಇವುಗಳಿಗೂ ಕಲಿಮಾದ ಪದಕ್ಕೂ ಯಾವ ನಂಟೂ ಇಲ್ಲ. ತುರ್ಕಿಯ ‘ಇಲ್ಲಾ’ ಮಾತ್ರ ನಿಜವಾಗಿಯೂ ಅರಬಿಯಿಂದ ಹೋದದ್ದು. ‘ಏನೇ ಆದರೂ ಸರಿ’ ಎಂದು ಹಟ ಹಿಡಿಯುವಾಗ ಅವರು ಅದನ್ನು ಬಳಸುತ್ತಾರೆ. ಉರ್ದು ಬಲ್ಲ ನಮ್ಮ ಮನೆಗಳಲ್ಲಿ ‘ಇಲ್ಲಾ ಮಾಶಾ ಅಲ್ಲಾಹ್’ ಎಂಬ ಮಾತು ‘ಎಲ್ಲೋ ಕೆಲವರನ್ನು ಬಿಟ್ಟರೆ’ ಎಂಬ ಅರ್ಥದಲ್ಲಿ ಬರುತ್ತದಲ್ಲವೇ? ಅದೂ ಅರಬಿಯದೇ.

ನಿಜವಾದ ಎರವಲು ತನ್ನ ಹೆಜ್ಜೆಗುರುತನ್ನು ಬಿಟ್ಟಿರುತ್ತದೆ. ವಕೀಲ, ಜಿಲ್ಲೆ, ಬಾಕಿ, ರೈತ ಮೊದಲಾದ ಅರಬಿ ಮೂಲದ ಪದಗಳು ಪಾರ್ಸಿಯ ಮೂಲಕ, ಕಂದಾಯ ಮತ್ತು ಆಡಳಿತದ ಕಾಗದಪತ್ರಗಳ ದಾರಿಯಲ್ಲಿ ಕನ್ನಡಕ್ಕೆ ಬಂದವು. ಆದರೆ ‘ಇಲ್ಲ’ ಎನ್ನಲು ಯಾವ ಜನಾಂಗವೂ ದಫ್ತರದವರು ಬರುವ ತನಕ ಕಾಯುವುದಿಲ್ಲ.

‘ರೈತ’ನ ಮಾತು ಬಂದದ್ದರಿಂದ ಇನ್ನೊಂದು ಪದ ನೆನಪಿಗೆ ಬರುತ್ತದೆ. ರೈತ ಎಂಬುದು ‘ರಈಯತ್’ನಿಂದ ಬಂದದ್ದು, ಅದರ ಧಾತುವಿಗೆ ಮೇಯಿಸು, ಕಾಪಾಡು, ಲಕ್ಷ್ಯವಿಡು ಎಂಬ ಅರ್ಥಗಳಿವೆ. ಅದೇ ಧಾತುವಿನಿಂದ ‘ರಾಇನಾ’ ಎಂಬ ಪದವೂ ಆಗುತ್ತದೆ: ನಮ್ಮ ಕಡೆಗೆ ಗಮನ ಕೊಡಿ. ಮದೀನಾದಲ್ಲಿ ವಿಶ್ವಾಸಿಗಳು ಪ್ರವಾದಿಯವರೊಡನೆ(ಸ) ಹೀಗೆ ಹೇಳುತ್ತಿದ್ದರು. ಕೆಲವು ವಿರೋಧಿಗಳು ಅದೇ ಪದವನ್ನು ನಾಲಿಗೆ ತಿರುಚಿ ನಿಂದೆಯಾಗಿ ಬಳಸತೊಡಗಿದರು. ಅವರ ಭಾಷೆಯಲ್ಲಿ ಆ ಧ್ವನಿಗೆ ಕೆಟ್ಟ ಅರ್ಥವಿತ್ತೆಂದು ಹಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅಲ್‌ಬಕರ ಅಧ್ಯಾಯದ 104ನೆಯ ಸೂಕ್ತವು ವಿಶ್ವಾಸಿಗಳಿಗೆ ಆ ಪದವನ್ನು ಬಿಟ್ಟು ‘ಉನ್‌ಝುರ್‌ನಾ’ ಎನ್ನುವಂತೆ ಆದೇಶಿಸಿತು. ಒಂದು ಪದ ಎರಡು ಕಿವಿಗಳಲ್ಲಿ ಎರಡು ಅರ್ಥ ಕೊಡಬಲ್ಲದು ಎಂಬುದನ್ನು ಕುರ್‌ಆನ್ ಎಷ್ಟು ಗಂಭೀರವಾಗಿ ಪರಿಗಣಿಸಿತು ನೋಡಿ! ಕೇಳುವವರ ಭಾಷೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕಲಿಲ್ಲ. ಅಲ್ಲಿ ಪದವನ್ನು ಬದಲಾಯಿಸಲು ಅವಕಾಶವಿತ್ತು. ಕಲಿಮಾದ ಪದವನ್ನು ಯಾರೂ ಬದಲಾಯಿಸಲಾರರು. ಹಾಗಿರುವಾಗ ನಮಗೆ ಉಳಿಯುವ ದಾರಿ ವಿವರಣೆಯೊಂದೇ.

ಆ ವಿವರಣೆ ಮಗುವಿಗೆ ಯಾವ ಭಾಷೆಯಲ್ಲಿ ಸಿಗುತ್ತಿದೆ? ಕೆಲವೆಡೆ ಉರ್ದುವಿನಲ್ಲಿ, ಕೆಲವೆಡೆ ಬ್ಯಾರಿ ಅಥವಾ ಮಲಯಾಳಂನಲ್ಲಿ. ಅವು ಮನೆಮಾತಾಗಿರುವಲ್ಲಿ ಅದು ಸರಿಯೇ. ಆದರೆ ಓದುವುದು, ಬರೆಯುವುದು, ಯೋಚಿಸುವುದು ಎಲ್ಲವನ್ನೂ ಕನ್ನಡದಲ್ಲೇ ಮಾಡುವ ಮಗುವಿನ ಸಂದೇಹ ಹುಟ್ಟುವುದೂ ಕನ್ನಡದಲ್ಲೇ. ಉರ್ದುವಿನಲ್ಲಿ ಹೇಳಿಕೊಡುವ ಉಸ್ತಾದರಿಗೆ ಈ ಗೊಂದಲ ಹೊಳೆಯುವುದೂ ಕಷ್ಟ. ಏಕೆಂದರೆ ಆ ಭಾಷೆಯಲ್ಲಿ ‘ಇಲ್ಲ’ ಎಂಬುದಕ್ಕೆ ‘ನಹೀಂ’ ಎನ್ನುತ್ತಾರೆ. ಅವರ ಮೇಲೆ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ಕನ್ನಡ ಬಲ್ಲ ಪೋಷಕರು ಈ ಕೆಲಸವನ್ನು ಪೂರ್ತಿಯಾಗಿ ಮದ್ರಸದ ಮೇಲೆ ಹಾಕದೆ ಮನೆಯಲ್ಲೇ ಮಾಡಬೇಕೆಂಬುದು ನಮ್ಮ ಅಭಿಪ್ರಾಯ.

ಒಂದು ಹಾಳೆಯ ಮೇಲೆ ಕಲಿಮಾದ ನಾಲ್ಕು ಪದಗಳನ್ನು ಕನ್ನಡ ಲಿಪಿಯಲ್ಲಿ ಎಡದಿಂದ ಬಲಕ್ಕೆ ಬಿಡಿಬಿಡಿಯಾಗಿ ಬರೆದು, ಅದರ ಕೆಳಗೆ ಕನ್ನಡದ ವಾಕ್ಯವನ್ನು ಬರೆಯಿರಿ. ‘ಲಾ’ದಿಂದ ಕೊನೆಯ ‘ಇಲ್ಲ’ಕ್ಕೆ ಒಂದು ಗೆರೆ, ‘ಇಲ್ಲಾ’ದಿಂದ ‘ಹೊರತು’ ಪದಕ್ಕೆ ಇನ್ನೊಂದು ಗೆರೆ ಎಳೆಯಲು ಮಗುವಿಗೇ ಹೇಳಿ. ಗೆರೆಗಳು ಒಂದನ್ನೊಂದು ಹಾದುಹೋಗುವುದು ಅದರ ಕಣ್ಣಿಗೇ ಕಾಣುತ್ತದೆ. ತಜ್ವೀದ್ ಕಲಿಸುವವರು ‘ಲಾ ಇಲಾಹ’ ಎಂಬಲ್ಲಿ ಉಸಿರು ನಿಲ್ಲಿಸಲು ಏಕೆ ಬಿಡುವುದಿಲ್ಲ ಎಂಬುದನ್ನೂ ಆಗಲೇ ಹೇಳಬಹುದು. ಅಲ್ಲಿ ನಿಂತರೆ ‘ಆರಾಧ್ಯನೇ ಇಲ್ಲ’ ಎಂದಷ್ಟೇ ಆಗುತ್ತದೆ; ಮಗು ಹೆದರಿದ ಅರ್ಥಕ್ಕೆ ಹತ್ತಿರವಾದದ್ದು ಅದು, ‘ಇಲ್ಲಲ್ಲಾಹ್’ ಅಲ್ಲ.