ಒಪ್ಪಿಗೆಗೆ ಮುಂಚೆ ಕನ್ನಡದ ಕಣ್ಣೂ ಬೇಕು

‘ತಂತ್ರಾಂಶದ ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾರ್ಥ) ಪ್ರತಿ ಪರೀಕ್ಷಿಸುವುದು ಪರಿಣತರ ಕೆಲಸ, ಉಳಿದವರು ಅಂತಿಮ ಆವೃತ್ತಿಗೆ ಕಾದರೆ ಸಾಕು’ ಎಂದು ತಂತ್ರಾಂಶ ಪರೀಕ್ಷೆ ಕುರಿತ ಲೇಖನದಲ್ಲಿ ಲೇಖಕರು ಮಂಡಿಸಿದ ವಾದವನ್ನು ಒಪ್ಪಲಾರೆ. ಕನ್ನಡದ ಮಟ್ಟಿಗಂತೂ ಇದು ಹಾನಿಕರ.

ಮುಕ್ತ ತಂತ್ರಾಂಶಗಳನ್ನು ಹೊರತರುವ ಅಪಾಚೆ ಪ್ರತಿಷ್ಠಾನದ ನಿಯಮ ನೋಡಿ. ಆವೃತ್ತಿಯ ಬಿಡುಗಡೆಗೆ ಒಪ್ಪಿಗೆ ಮತ ಹಾಕುವ ಸಮಿತಿ ಸದಸ್ಯರು ಸೋರ್ಸ್ ಕೋಡನ್ನು ತಾವೇ ಇಳಿಸಿಕೊಂಡು, ಡಿಜಿಟಲ್ ಸಹಿ ತಾಳೆ ನೋಡಿ, ತಮ್ಮದೇ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿ ಪರೀಕ್ಷಿಸಲೇಬೇಕು. ಕನಿಷ್ಠ 3 ಒಪ್ಪಿಗೆ ಮತ ಬೇಕು. ಮತದಾನದ ಕಾಲಾವಕಾಶ ಸಾಮಾನ್ಯವಾಗಿ ಕನಿಷ್ಠ 72 ಗಂಟೆ. ಆದರೆ ಆ ಮೂವರಲ್ಲಿ ಒಬ್ಬರಿಗೂ ಕನ್ನಡ ಬಾರದಿದ್ದರೆ? ‘ಅರ್ಜಿ’ಯ ಅರ್ಕಾವತ್ತು ಜಾಗ ತಪ್ಪಿದ್ದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸ್ ಕೂಡ ಪ್ರತಿ ಹೊಸ ಆವೃತ್ತಿಗೆ ಮುನ್ನ ಆರ್‌ಸಿಗಳನ್ನು ಎಲ್ಲರ ಕೈಗೂ ಕೊಡುತ್ತದೆ. ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾದ ದ್ರಾಕ್ಷಿ ಬೆಳೆಗಾರರ ಪಟ್ಟಿಯನ್ನೋ ಬಬಲೇಶ್ವರದ ಶಾಲೆಯೊಂದರ ಹಾಜರಿಯನ್ನೋ ಅದರಲ್ಲಿ ತೆರೆಯಿರಿ. ‘ದ್ರಾಕ್ಷಿ’ಯ ಒತ್ತಕ್ಷರ ಸರಿಯಿದೆಯೇ, ಹೆಸರುಗಳು ಅಕಾರಾದಿಯಲ್ಲಿ ಕೂತವೇ, ಪಿಡಿಎಫ್ ಮಾಡಿದಾಗ ಅಕ್ಷರ ಒಡೆಯಿತೇ? ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ, ಕನ್ನಡ ಓದಲು ಬಂದರೆ ಸಾಕು.

ಆರ್‌ಸಿಯಲ್ಲಿ ದೋಷವಿರಬಹುದೆಂಬ ಲೇಖಕರ ಎಚ್ಚರಿಕೆ ನಿಜ. ಬೇರೊಂದು ಕಂಪ್ಯೂಟರಿನಲ್ಲಿ, ಕಡತದ ನಕಲಿನ ಮೇಲೆ ಪ್ರಯೋಗಿಸಿದರಾಯಿತು.

ವಿಜಯಪುರದ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳು ಲಿಬ್ರೆ ಆಫೀಸ್‌ನ ಮುಂದಿನ ಆರ್‌ಸಿಯನ್ನೇ ಕೈಗೆತ್ತಿಕೊಳ್ಳಲಿ; ಕಂಡ ದೋಷವನ್ನು ಆವೃತ್ತಿ ಸಂಖ್ಯೆ, ಚಿತ್ರಸಮೇತ ವರದಿ ಮಾಡಲಿ.