ಲೈಬ್ರರಿಗೆ ಯಾವ ಫೋಟೋಗ್ರಫಿ ಮ್ಯಾಗಜೀನ್ ತರಿಸೋಣ?

ಈ ಸೆಮಿಸ್ಟರ್ ಕ್ಲಬ್ ಗ್ರೂಪ್‌ನಲ್ಲಿ ಒಂದೇ ಚರ್ಚೆ: ಲೈಬ್ರರಿಗೆ ಒಂದು ಫೋಟೋಗ್ರಫಿ ಮ್ಯಾಗಜೀನ್ ತರಿಸಬೇಕು, ಯಾವುದು? ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು "ಯೂಟ್ಯೂಬ್ ಇರೋವಾಗ ಮ್ಯಾಗಜೀನ್ ಯಾಕೆ" ಅಂತಾರೆ. ಗೋಕಾಕ ತಾಲ್ಲೂಕಿನ ಅಂಕಲಗಿ ಕಡೆಯಿಂದ ಬಂದ ನಾವು ಮೂವರಿಗೂ ಇದರ ಬಗ್ಗೆ ಒಂದು ಅಭಿಪ್ರಾಯ ಇದೆ. ಪೆಟ್ಟು ತಿಂದು ಬಂದ ಅಭಿಪ್ರಾಯ, ಅದಕ್ಕೇ ಬರೆಯುತ್ತಿದ್ದೇವೆ.

ಫಸ್ಟ್ ಇಯರ್‌ನಲ್ಲಿ ನಾವು ಓದಿದ್ದೆಲ್ಲ ರಿವ್ಯೂ. ಹಳೇ ಪುಸ್ತಕದಂಗಡಿಯಿಂದ ತಂದ ಮ್ಯಾಗಜೀನ್ ಹಗಲಿಗೆ, ರಿವ್ಯೂ ವಿಡಿಯೋ ರಾತ್ರಿಗೆ. ಯಾವ ಸೆನ್ಸರ್ ದೊಡ್ಡದು, ಯಾವ ಲೆನ್ಸ್ ಶಾರ್ಪ್ ಅನ್ನೋದೆಲ್ಲ ಬಾಯಿಪಾಠ. ತೆಗೆದ ಒಳ್ಳೆ ಫೋಟೋ ಮಾತ್ರ ಬೆರಳೆಣಿಕೆ. ತಪ್ಪು ನಮ್ಮ ಲೆನ್ಸಿನದ್ದೇ ಅಂತ ನಮಗೆ ಖಾತ್ರಿಯಾಯಿತು. ನಮ್ಮಲ್ಲೊಬ್ಬ ಮನೆಗೆ ಫೋನ್ ಮಾಡಿ 35 ಸಾವಿರದ ಲೆನ್ಸ್ ಕೇಳಿಯೇಬಿಟ್ಟ. ಅಪ್ಪ ಬೈಯಲಿಲ್ಲ. "ಕಬ್ಬಿನ ಬಿಲ್ ಬರ್ಲಿ, ನೋಡೂಣು" ಅಂದರು. ತಂಗಿಯ ಪಿಯುಸಿ ಫೀಸೂ ಅದೇ ಬಿಲ್‌ನಲ್ಲೇ ಆಗಬೇಕಿತ್ತು. ಅದು ಗೊತ್ತಾದ ಮೇಲೆ ಮೂವರಿಗೂ ನಾಚಿಕೆಯಾಯಿತು.

ರಜೆಗೆ ಊರಿಗೆ ಹೋದಾಗ, ಫಿಲ್ಮ್ ರೋಲ್ ಕಾಲದಿಂದ ಮದುವೆ ಫೋಟೋ ತೆಗೆಯುತ್ತಿರುವ ಸ್ಟುಡಿಯೋ ಕಾಕಾಗೆ ಈ ಲೆನ್ಸ್ ಕಥೆ ಹೇಳಿದೆವು. "ಲೆನ್ಸ್ ಇರಲಿ ತಮ್ಮಾ. ಕಿಟಕಿ ಎಷ್ಟ ತಗೀಬೇಕು, ಎಷ್ಟೊತ್ತು ತಗದಿಡಬೇಕು, ಅದನ್ನ ಹೇಳ ನೋಡೂಣು" ಅಂದರು. ನರ್ಸರಿಯಿಂದ ಇಂಗ್ಲಿಷ್ ಮೀಡಿಯಂ ಓದಿದ ನಮಗೆ ಅಪರ್ಚರ್, ಶಟರ್ ಸ್ಪೀಡ್ ಎರಡೂ ಪದ ಗೊತ್ತು. ಕಾಕಾ ಕೇಳಿದ್ದು ಅದನ್ನೇ ಅಂತ ಹೊಳೆಯೋಕೆ ಮಾತ್ರ ಒಂದು ನಿಮಿಷ ಬೇಕಾಯಿತು. ಉತ್ತರ ಆಗಲೂ ಬರಲಿಲ್ಲ.

ಮರುದಿನ ಗೋಕಾಕ ಫಾಲ್ಸ್‌ಗೆ ಹೋದೆವು. ಘಟಪ್ರಭಾ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆ ಬಿಟ್ಟ ಮಧ್ಯಾಹ್ನ, ಸುಡು ಬಿಸಿಲು. ಮ್ಯಾಗಜೀನ್‌ನಲ್ಲಿ ಓದಿದಂತೆ ನೀರು ರೇಷ್ಮೆ ಥರ ಕಾಣಲಿ ಅಂತ ಶಟರ್ 1/8 ಸೆಕೆಂಡ್ ಇಟ್ಟೆವು. ಬಂದದ್ದು ಬರೀ ಬಿಳಿ ಹಾಳೆ. ಲೆಕ್ಕ ಆಮೇಲೆ ಮಾಡಿದೆವು. ನೇರ ಬಿಸಿಲಿನಲ್ಲಿ ಐಎಸ್‌ಒ 100, ಎಫ್/16 ಇಟ್ಟರೆ ಶಟರ್ ಸುಮಾರು 1/125 ಇರಬೇಕು. ಅಲ್ಲಿಂದ 1/8ಕ್ಕೆ ಇಳಿದರೆ ನಾಲ್ಕು ಸ್ಟಾಪ್, ಅಂದರೆ 16 ಪಟ್ಟು ಬೆಳಕು ಹೆಚ್ಚು. ಆ ಸಲಹೆ ಕಾಡಿನ ನೆರಳಿನ ಜಲಪಾತಕ್ಕೆ ಸರಿ, ಬಯಲು ಬಂಡೆಯ ಗೋಕಾಕಕ್ಕಲ್ಲ. ಇಲ್ಲಿ ಎನ್‌ಡಿ ಫಿಲ್ಟರ್ ಬೇಕು, ಇಲ್ಲಾ ಹೊತ್ತು ಇಳಿಯೋವರೆಗೂ ಕಾಯಬೇಕು. 35 ಸಾವಿರದ ಲೆನ್ಸ್ ಇದ್ದಿದ್ದರೂ ಅದೇ ಬಿಳಿ ಹಾಳೆ ಬರುತ್ತಿತ್ತು.

ಅದಕ್ಕೇ ನಾವು ಹೇಳೋದು, ಮ್ಯಾಗಜೀನ್ ಇರಲಿ, ವಿಡಿಯೋ ಇರಲಿ, ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಕೈಯಲ್ಲಿರುವ ಕ್ಯಾಮೆರಾ ಅಥವಾ ಫೋನ್‌ನಲ್ಲೇ ಇದನ್ನು ಮಾಡಬಹುದಾ? ಓದಿದ ಮೇಲೆ ಹೊರಗೆ ಹೋಗಿ ಮಾಡೋ ಕೆಲಸ ಕೊಡುತ್ತಾ? ಐದು ವರ್ಷ ಬಿಟ್ಟು ಓದಿದರೂ ಉಪಯೋಗಕ್ಕೆ ಬರುತ್ತಾ? ಬರೀ ರಿವ್ಯೂ ಇರುವ ಸಂಚಿಕೆ ಮೂರರಲ್ಲೂ ಫೇಲ್. ಕ್ಯಾಮೆರಾ ಕಂಪನಿಗಳ ಜಾಹೀರಾತು ಹಾಕುವ ಪತ್ರಿಕೆ ಸುಳ್ಳು ಹೇಳುತ್ತದೆ ಅಂತಲ್ಲ. ತಿಂಗಳಿಗೊಂದು ಹೊಸ ಸಾಮಾನು ತೋರಿಸಲೇಬೇಕಾದ ಪುಟಗಳು ಅವು. ನಿಜವಾಗಿ ಕೊಳ್ಳುವವರು ಕೊಳ್ಳುವ ವಾರದಲ್ಲಿ ಓದಿದರೆ ಸಾಕು.

ಹಾಗಾದರೆ ಏನು ಓದಬೇಕು? ಬ್ರಯನ್ ಪೀಟರ್ಸನ್ 1990ರಲ್ಲಿ ಬರೆದ 'ಅಂಡರ್‌ಸ್ಟ್ಯಾಂಡಿಂಗ್ ಎಕ್ಸ್‌ಪೋಷರ್' ಒಂದು ಪ್ರತಿ ಲೈಬ್ರರಿಗೆ ಬರಲಿ. ಕಾಕಾ ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆ. ಅಮೆರಿಕದಲ್ಲಿ 1937ರಲ್ಲಿ ಶುರುವಾಗಿ 2017ರಲ್ಲಿ ಮುದ್ರಣ ನಿಲ್ಲಿಸಿದ 'ಪಾಪ್ಯುಲರ್ ಫೋಟೋಗ್ರಫಿ'ಯ ಹಳೇ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅದರ ಕ್ಯಾಮೆರಾಗಳು ಮೂಲೆ ಸೇರಿದರೂ ಬೆಳಕಿನ ಪಾಠ ಹಾಗೇ ಇದೆ. ನಮ್ಮ ದೇಶದ್ದೇ ಬೇಕು ಅಂದರೆ 1997ರಲ್ಲಿ ಶುರುವಾದ 'ಬೆಟರ್ ಫೋಟೋಗ್ರಫಿ'ಯ ಸಂಚಿಕೆಗಳಿವೆ. ಅದರಲ್ಲೂ ಮೊದಲು ಫೋಟೋಗ್ರಾಫರ್‌ಗಳ ಕೆಲಸದ ಪುಟ ತೆರೆಯಿರಿ, ಸಾಮಾನಿನ ಪುಟ ಕೊನೆಗೆ ಇರಲಿ.

ಎಂಜಿನಿಯರಿಂಗ್‌ನವರು ತಪ್ಪಿಸಬಾರದ್ದು, ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಲೆವಾಯ್ 2016ರಲ್ಲಿ ಗೂಗಲ್‌ನಲ್ಲಿ ಮಾಡಿದ ಡಿಜಿಟಲ್ ಫೋಟೋಗ್ರಫಿ ಪಾಠಗಳು. ಯೂಟ್ಯೂಬ್‌ನಲ್ಲಿ ಪುಕ್ಕಟೆ. ನಾವು ಓದಿ ಮರೆತ ಆಪ್ಟಿಕ್ಸ್ ಅಲ್ಲಿ ಮತ್ತೆ ಸಿಗುತ್ತದೆ. ಉದಾಹರಣೆಗೆ, ಫೋನನ್ನು ಕಲ್ಲಿನ ಮೇಲೆ ಅಲ್ಲಾಡದಂತೆ ಇಟ್ಟು 16 ಫೋಟೋ ತೆಗೆದು ಪೈಥಾನ್‌ನಲ್ಲಿ ಸರಾಸರಿ ಮಾಡಿದರೆ ನಾಯ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹರಿಯುವ ನೀರೂ ಮೆತ್ತಗಾಗುತ್ತದೆ, ಫಿಲ್ಟರ್ ಇಲ್ಲದೆ. ಇನ್ನು ಘಟಪ್ರಭಾ ಪಕ್ಷಿಧಾಮಕ್ಕೆ, ಅಂದರೆ ಧೂಪದಾಳಕ್ಕೆ ಹೋಗುವವರು ತೇಜಸ್ವಿಯವರ 'ಹಕ್ಕಿ ಪುಕ್ಕ' ಓದಿಕೊಂಡು ಹೋಗಿ. ಹಕ್ಕಿಯ ಗುರುತೇ ಇಲ್ಲದವರಿಗೆ ಜೂಮ್ ಲೆನ್ಸ್ ಏನು ಮಾಡೀತು?

ಈ ಪಟ್ಟಿಯಲ್ಲಿ 'ಹಕ್ಕಿ ಪುಕ್ಕ' ಬಿಟ್ಟರೆ ಎಲ್ಲ ಇಂಗ್ಲಿಷ್. ನಮಗೆ ಓದೋಕೆ ಬರುತ್ತದೆ, ಸರಿ. ಮೂಡಲಗಿ, ಹುಕ್ಕೇರಿಯ ಕನ್ನಡ ಶಾಲೆಗಳಿಂದ ಬಂದ ನಮ್ಮ ಕ್ಲಾಸ್‌ಮೇಟ್‌ಗಳು ಮೊದಲ ಪುಟದಲ್ಲೇ ಡಿಕ್ಷನರಿ ಹುಡುಕಬೇಕಾ? ಕನ್ನಡ ಸಂಘ ಅಂತ ಹೆಸರಿಟ್ಟುಕೊಂಡು ನಾವು ಇಷ್ಟಾದರೂ ಮಾಡಬೇಕು: ತಿಂಗಳಿಗೆ ಒಂದು ಪುಟ, ಒಂದು ಪಾಠ, ಒಂದು ಹೋಮ್‌ವರ್ಕ್, ಕನ್ನಡದಲ್ಲಿ. ಮೊದಲ ಪುಟಕ್ಕೆ ಕಾಕಾ ಅವರ ಕಿಟಕಿಯೇ ಸಾಕು. ಬರೆಯೋಕೆ ನಾವು ರೆಡಿ. ನಮ್ಮ ಕನ್ನಡದ ತಪ್ಪು ನೀವು ತಿದ್ದಿ. ಚಂದಾ ಹಣದಲ್ಲಿ ಆ ಒಂದು ಪುಸ್ತಕ ಕೊಂಡು, ಉಳಿದದ್ದರಲ್ಲಿ ಇಂಥ ಸ್ಟುಡಿಯೋದವರೊಬ್ಬರನ್ನು ಬಸ್ ಚಾರ್ಜು, ಗೌರವಧನ ಕೊಟ್ಟು ಒಂದು ದಿನ ಕ್ಯಾಂಪಸ್‌ಗೆ ಕರೆಸೋಣ.

ಅಂದಹಾಗೆ, ಕಬ್ಬಿನ ಬಿಲ್ ಬಂತು, ತಂಗಿಯ ಫೀಸ್ ಕಟ್ಟಾಯಿತು. ಲೆನ್ಸ್ ಬೇಡ ಅಂತ ನಮ್ಮ ಗೆಳೆಯ ಅಪ್ಪನಿಗೆ ತಾನೇ ಫೋನ್ ಮಾಡಿ ಹೇಳಿದ. ಹಳೇ ಲೆನ್ಸಿನಲ್ಲೇ ಸಂಜೆ ಆರಕ್ಕೆ ಅವನು ತೆಗೆದ ಗೋಕಾಕ ಫಾಲ್ಸ್ ಫೋಟೋ ಈಗ ನಮ್ಮ ರೂಮಿನ ಗೋಡೆ ಮೇಲಿದೆ. ಬಂದು ನೋಡಿ.