ಫಲಕ ಹಸಿರಾದರೆ ಸಾಲದು



ನಮ್ಮ ಸದಸ್ಯರ ಮಕ್ಕಳು ಓದುತ್ತಿರುವ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ವಾಹನ ನಿಲುಗಡೆಗಾಗಿ ಹಳೆಯ ಪೊದೆಬೇಲಿಯೊಂದನ್ನು ಕಿತ್ತುಹಾಕಿದರು. ಬದಲಿಗೆ ಆವರಣದ ಅಂಚಿನಲ್ಲಿ ಸಸಿಗಳನ್ನು ಸಾಲಾಗಿ ನೆಟ್ಟು, ಜೀವವೈವಿಧ್ಯವನ್ನು ಕೊಂಡಾಡುವ ಫಲಕವೊಂದನ್ನು ನಿಲ್ಲಿಸಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಸಸಿಗಳಲ್ಲಿ ಬಹುಪಾಲು ಒಣಗಿದ್ದವು. ಫಲಕ ಮಾತ್ರ ಹಸಿರಾಗಿಯೇ ಇತ್ತು.

ರಕ್ತದ ಸಕ್ಕರೆಯನ್ನು ಅಳೆಯದೆ ಮಧುಮೇಹ ಹತೋಟಿಗೆ ಬಂದಿತೆಂದು ವೈದ್ಯರಾದ ನಾವು ಹೇಳಲಾರೆವು. ಹಾಗಿರುವಾಗ, ನೆಟ್ಟ ಸಸಿಗಳನ್ನಷ್ಟೇ ಲೆಕ್ಕವಿಟ್ಟು, ಆ ನೆಲದಲ್ಲಿ ಬದುಕಿರುವ ಜೀವಿಗಳನ್ನು ಎಣಿಸದ ವಿಶ್ವವಿದ್ಯಾಲಯ ತಾನು ಗುರಿ ಮುಟ್ಟಿದೆನೆಂದು ಹೇಗೆ ಹೇಳೀತು?

ಎಣಿಸುವುದು ಅಸಾಧ್ಯವೇನಲ್ಲ. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ 1772ರಿಂದ ಒಪ್ಪವಾಗಿ ಕತ್ತರಿಸಿಕೊಂಡು ಬಂದಿದ್ದ ಹುಲ್ಲುಹಾಸಿನ ಒಂದು ಭಾಗವನ್ನು ಕಾಡುಹೂಗಳ ಹುಲ್ಲುಗಾವಲಾಗಿಸಿದರು. ಅಲ್ಲಿ ಗಿಡ, ಜೇಡ ಮತ್ತು ಕೀಟಗಳ ಪ್ರಭೇದಗಳು ಹುಲ್ಲುಹಾಸಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದುದನ್ನು 2023ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ರಾತ್ರಿ ಬಾವಲಿಗಳ ಓಡಾಟವೂ ಹೆಚ್ಚಿತ್ತು. ಕತ್ತರಿಸುವುದನ್ನು ಕಡಿಮೆ ಮಾಡಿದ್ದರಿಂದ ಇಂಧನವೂ ಉಳಿಯಿತು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2035ರೊಳಗೆ ಜೀವವೈವಿಧ್ಯದ ನಿವ್ವಳ ಹೆಚ್ಚಳ ಸಾಧಿಸುವೆನೆಂದು 2021ರಲ್ಲಿಯೇ ವರ್ಷ ಹೇಳಿ ಒಪ್ಪಿಕೊಂಡಿದೆ. ಇಂಗ್ಲೆಂಡಿನ ಕಾನೂನು ಕೂಡ 2024ರಿಂದ ಹೊಸ ಕಟ್ಟಡಗಳಿಗೆ ಶೇ. 10ರಷ್ಟು ಹೆಚ್ಚಳವನ್ನು ಸಾಮಾನ್ಯವಾಗಿ ಕಡ್ಡಾಯಗೊಳಿಸಿದೆ. ಆದರೆ ಸ್ವಂತ ನೆಲದಲ್ಲಿ ಆಗದ ಹೆಚ್ಚಳವನ್ನು ಬೇರೆಡೆ ಹಣ ಕೊಟ್ಟು ಪಡೆಯಲು ಅದೇ ಕಾನೂನು ಅವಕಾಶ ನೀಡುತ್ತದೆ. ದೂರದ ಜಿಲ್ಲೆಯಲ್ಲಿ ಬೆಳೆದ ಪೊದೆ ನಮ್ಮ ಮಕ್ಕಳ ತರಗತಿಯ ಕಿಟಕಿಯಾಚೆಗಿನ ಗುಬ್ಬಚ್ಚಿಗೆ ಗೂಡಾಗಲಾರದು.

ತಪ್ಪು ಆಡಳಿತದವರದಷ್ಟೇ ಅಲ್ಲ. ಪದವಿ ಪ್ರದಾನದ ದಿನ ಕತ್ತರಿಸಿದ ಹುಲ್ಲುಹಾಸಿನ ಮೇಲೆ ನಿಂತು ಛಾಯಾಚಿತ್ರ ತೆಗೆಸಿಕೊಂಡು ‘ಎಷ್ಟು ಅಚ್ಚುಕಟ್ಟು!’ ಎಂದು ಮೆಚ್ಚಿದವರು ನಾವೇ. ಮೊಣಕಾಲೆತ್ತರ ಬೆಳೆದ ಹುಲ್ಲನ್ನು ಕಂಡು ‘ಸೋಮಾರಿಗಳು’ ಎಂದು ಮೂಗು ಮುರಿದವರೂ ನಾವೇ. ನಮ್ಮ ಮೆಚ್ಚುಗೆ ಬದಲಾಗದೆ ಅವರ ಕತ್ತರಿ ನಿಲ್ಲದು.

ಆದುದರಿಂದ, ಮಕ್ಕಳಿಗೆ ಕಾಲೇಜು ಆರಿಸಲು ಹೋದಾಗ ಶುಲ್ಕ, ವಸತಿಗಳ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳೋಣ. ಈ ನೆಲದಲ್ಲಿ ಯಾವ ಜೀವಿಗಳಿವೆಯೆಂದು ಎಣಿಸಿದ್ದೀರಾ? ಯಾವ ವರ್ಷದೊಳಗೆ ಎಷ್ಟು ಹೆಚ್ಚಿಸುವಿರಿ? ಆ ಹೆಚ್ಚಳ ಇಲ್ಲಿಯೋ, ಬೇರೆಲ್ಲಿಯೋ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಅಲ್ಲಿರುವುದು ಗುರಿಯಲ್ಲ, ಬರಿಯ ಫಲಕ.